ತೆಳುವಾದ ಆಯಿಲ್ ಘಾಟಿಗೆ ಸಾಲದೇ? ಮುಚ್ಚಳದೊಳಗಿನ ಬಿಳಿ ಲೇಪ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮದು ಮೂಡಿಗೆರೆ ಬಳಿಯ ಸಣ್ಣ ಕಾಫಿ ತೋಟ. ಮನೆಯಲ್ಲಿ 2019ರ ಮಾದರಿಯ 1.2 ಲೀಟರ್ ಪೆಟ್ರೋಲ್ ಕಾರಿದೆ, ಓಡಿರುವುದು 38,000 ಕಿ.ಮೀ. ಮಾತ್ರ. ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರಲು ದಿನಕ್ಕೆರಡು ಸಲ ನಾಲ್ಕು ಕಿಲೋಮೀಟರ್, ಆಗಾಗ ಪೇಟೆಗೆ. ಎರಡು ಮೂರು ತಿಂಗಳಿಗೊಮ್ಮೆ ಚಾರ್ಮಾಡಿ ಇಳಿದು ಬೆಳ್ತಂಗಡಿಯ ತವರಿಗೆ. ಕಳೆದ ವಾರ ಎಂಜಿನ್ ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಬೆಣ್ಣೆಯಂಥ ಬಿಳಿ ಲೇಪ ಕಂಡಿತು. ಒಬ್ಬ ಮೆಕ್ಯಾನಿಕ್, ಎಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವಿನ ಹೆಡ್ ಗ್ಯಾಸ್ಕೆಟ್ ಎಂಬ ಸೀಲ್ ಹೋಗಿದೆ, ಮೇಲ್ಭಾಗವಾದ ಹೆಡ್ ಇಳಿಸಬೇಕು ಎಂದರು. ಇನ್ನೊಬ್ಬರು, 0ಡಬ್ಲ್ಯೂ-20 ಆಯಿಲ್ ನೀರಿನ ಹಾಗಿದೆ, ಘಾಟಿಗೆ ತಡೆಯುವುದಿಲ್ಲ, 20ಡಬ್ಲ್ಯೂ-50 ಹಾಕಿಸಿ ಎಂದರು. ಪಿಕಪ್‌ಗೆಂದು ತಂದ 15ಡಬ್ಲ್ಯೂ-40 ಬಕೆಟ್ ಇದೆಯಲ್ಲ, ಅದೇ ಸಾಕು ಎಂಬುದು ಯಜಮಾನರ ಅಭಿಪ್ರಾಯ. ಮೈದುನ ತನ್ನ 2021ರ ಡೀಸೆಲ್ ಕಾರಿಗೆ ಆಗಲೇ ಅದನ್ನು ಹಾಕಿಸಿದ್ದಾನೆ. ಹಿಂದಿನ ಸಲ ಆಯಿಲ್ ಬದಲಿಸಿ 14 ತಿಂಗಳಾಯಿತು, ಆದರೆ 6,000 ಕಿ.ಮೀ. ಕೂಡ ಓಡಿಲ್ಲ. ಕೈಪಿಡಿಯಲ್ಲಿ 0ಡಬ್ಲ್ಯೂ-20 ಮತ್ತು 5ಡಬ್ಲ್ಯೂ-30 ಎರಡನ್ನೂ ಕೊಟ್ಟಿದ್ದಾರೆ. ಯಾವುದನ್ನು ಹಾಕಿಸಲಿ?

ಉತ್ತರ: ಮೊದಲು ಹೆಡ್ ಇಳಿಸುವ ಮಾತನ್ನು ಪಕ್ಕಕ್ಕಿಡಿ. ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಎಂಜಿನ್ ಕೆಟ್ಟಿದೆಯೇ ಎಂಬುದು ಒಂದು, ಇಷ್ಟು ದಿನ ಹಾಕಿಸಿದ ಆಯಿಲ್ಲೇ ತಪ್ಪೇ ಎಂಬುದು ಇನ್ನೊಂದು. ನೀವು ಬರೆದಿರುವ ಲಕ್ಷಣಗಳಿಂದ ಹೇಳುವುದಾದರೆ ಎರಡೂ ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಆಯಿಲ್ ಸರಿಯಾದದ್ದೇ ಇದೆ. ಅದಕ್ಕೆ ಬಿಸಿಯಾಗುವಷ್ಟು ಓಟ ಸಿಗುತ್ತಿಲ್ಲ, ಬದಲಿಸುವ ಕಾಲವೂ ಮೀರಿದೆ. ಹಾಸನದ ನನ್ನ ಗ್ಯಾರೇಜಿಗೆ ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯಿಂದ ಇದೇ ದೂರು ಹೊತ್ತ ಗಾಡಿಗಳು ಬರುತ್ತವೆ. ಅರಸೀಕೆರೆ, ಕಡೂರಿನ ಗಾಡಿಗಳಲ್ಲಿ ಇದು ಅಪರೂಪ. ಕಾರಿನ ಮಾದರಿ ಒಂದೇ, ಡಬ್ಬಿಯ ಆಯಿಲ್ ಕೂಡ ಒಂದೇ. ಬೇರೆಯಾಗಿರುವುದು ಹವೆ ಮತ್ತು ಒಂದು ಸಲಕ್ಕೆ ಓಡಿಸುವ ದೂರ.

ಆ ಬಿಳಿ ಲೇಪ ನೀರು ಮತ್ತು ಆಯಿಲ್ ಕಲೆತು ಆದದ್ದು. ನೀರು ಎಲ್ಲಿಂದ ಬಂತು ಎಂಬುದೇ ಪ್ರಶ್ನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸರಿಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಅದರ ಬಹುಪಾಲು ಆವಿಯಾಗಿ ಸೈಲೆನ್ಸರ್ ಮೂಲಕ ಹೊರಬೀಳುತ್ತದೆ; ಚಳಿಯ ಬೆಳಿಗ್ಗೆ ಸೈಲೆನ್ಸರ್ ತುದಿಯಿಂದ ತೊಟ್ಟಿಕ್ಕುವುದು ಅದೇ ನೀರು. ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿನ ಆಯಿಲ್ ಚೇಂಬರಿಗೆ ನುಸುಳುತ್ತದೆ. ಎಂಜಿನ್ ಪೂರ್ತಿ ಕಾದಿದ್ದರೆ ಆ ತೇವ ಆಯಿಲ್‌ನಲ್ಲಿ ನಿಲ್ಲುವುದಿಲ್ಲ, ಆವಿಯಾಗಿ ಮೇಲೆದ್ದು ಚೇಂಬರಿನ ಆವಿಯನ್ನು ಹೊರಬಿಡುವ ಪಿಸಿವಿ ವಾಲ್ವ್ ಮೂಲಕ ಮತ್ತೆ ಉರಿಯುವ ಗಾಳಿಯನ್ನು ಸೇರಿ ಹೋಗಿಬಿಡುತ್ತದೆ. ಎಂಜಿನ್ ತಣ್ಣಗಿದ್ದರೆ, ಅನ್ನದ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟುವಂತೆ, ಎಂಜಿನ್ನಿನ ಅತಿ ತಂಪಾದ ಜಾಗವಾದ ಆಯಿಲ್ ಮುಚ್ಚಳದ ಕೆಳಗೆ ಕೂತುಕೊಳ್ಳುತ್ತದೆ.

ಇಲ್ಲಿ ಅನೇಕರು ಮೋಸಹೋಗುವ ಒಂದು ವಿಷಯವಿದೆ. ಡ್ಯಾಶ್‌ಬೋರ್ಡಿನ ಉಷ್ಣತೆಯ ಮುಳ್ಳು ತೋರಿಸುವುದು ಎಂಜಿನ್ ತಣಿಸುವ ದ್ರವವಾದ ಕೂಲೆಂಟಿನ ಬಿಸಿಯನ್ನು, ಆಯಿಲ್‌ನ ಬಿಸಿಯನ್ನಲ್ಲ. ನಾಲ್ಕು ಕಿಲೋಮೀಟರ್ ಮುಗಿಯುವ ಹೊತ್ತಿಗೆ ಮುಳ್ಳು ನಡುವಿಗೆ ಬಂದಿರಬಹುದು, ಆದರೆ ಆಯಿಲ್ ಆಗ ತಾನೇ ಉಗುರುಬೆಚ್ಚಗಾಗಿರುತ್ತದೆ. ಅಷ್ಟರಲ್ಲಿ ಶಾಲೆ ಬಂತು, ಎಂಜಿನ್ ಆಫ್. ಮಧ್ಯಾಹ್ನ ಮತ್ತೆ ತಣ್ಣನೆಯ ಎಂಜಿನ್ನಿನಿಂದಲೇ ಆರಂಭ. ತಣ್ಣಗಿದ್ದಾಗ ಎಂಜಿನ್ ಹೆಚ್ಚು ಪೆಟ್ರೋಲ್ ಎಳೆದುಕೊಳ್ಳುವುದರಿಂದ ಉರಿಯದ ಪೆಟ್ರೋಲ್ ಕೂಡ ಒಂದಿಷ್ಟು ಚೇಂಬರಿಗೆ ಇಳಿಯುತ್ತದೆ. 6,000 ಕಿಲೋಮೀಟರ್ ಎಂದರೆ ಕಡಿಮೆ ಎಂದು ನೀವು ಅಂದುಕೊಂಡಿದ್ದೀರಿ. ನನ್ನ ಲೆಕ್ಕದಲ್ಲಿ ಹೆದ್ದಾರಿಯಲ್ಲಿ ಓಡಿದ 12,000ಕ್ಕಿಂತ ಈ 6,000 ಆಯಿಲ್‌ಗೆ ಕಠಿಣ.

ಹಾಗಾದರೆ ಹೆಡ್ ಗ್ಯಾಸ್ಕೆಟ್ ಹೋಗಿಲ್ಲ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಗ್ಯಾಸ್ಕೆಟ್ ಹೋದಾಗ ಆಯಿಲ್‌ಗೆ ಸೇರುವುದು ಕೂಲೆಂಟ್, ಆದ್ದರಿಂದ ಕೂಲೆಂಟ್ ಕಡಿಮೆಯಾಗಲೇಬೇಕು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಡಬ್ಬಿಯ ಹೊರಮೈ ಮೇಲೆ ಈಗಿನ ಮಟ್ಟಕ್ಕೆ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಆಯಿಲ್ ಮುಚ್ಚಳವನ್ನೂ ಅದರ ಕೊರಳನ್ನೂ ಒಣ ಬಟ್ಟೆಯಿಂದ ಒರೆಸಿ. ಆಯಿಲ್ ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ನೋಡಿ. ಅದರ ಮೇಲಿನ ಆಯಿಲ್ ಕಂದು ಅಥವಾ ಕಪ್ಪಾಗಿದ್ದು, ಹಾಲು ಬೆರೆತಂತೆ ಕಾಣದಿದ್ದರೆ ಬೇಲೂರು ದಾಟಿ ಹಾಸನದವರೆಗೆ ನಿಲ್ಲಿಸದೆ ಒಂದು ಸಲ ಬಂದು ಹೋಗಿ. ಮರುದಿನ ಬೆಳಿಗ್ಗೆ ಕೂಲೆಂಟ್ ಗೆರೆಯಲ್ಲೇ ಇದ್ದು, ಮುಚ್ಚಳ ಹೆಚ್ಚುಕಡಿಮೆ ಶುಚಿಯಾಗಿದ್ದರೆ ಗ್ಯಾಸ್ಕೆಟ್ ವಿಷಯ ಮರೆತುಬಿಡಿ. ಕೂಲೆಂಟ್ ಇಳಿದಿದ್ದರೆ, ಬಿಸಿ ಎಂಜಿನ್ನಿನಿಂದಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಅಥವಾ ಡಿಪ್‌ಸ್ಟಿಕ್ ಮೇಲಿನ ಆಯಿಲ್ಲೇ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ಮೊದಲ ಮೆಕ್ಯಾನಿಕ್ ಹೇಳಿದ್ದು ನಿಜವಿರಬಹುದು. ಡಿಪ್‌ಸ್ಟಿಕ್ ಹಾಲುಬಣ್ಣ ತೋರಿಸಿದರೆ ಗಾಡಿಯನ್ನು ಓಡಿಸಲೇಬೇಡಿ, ಮೆಕ್ಯಾನಿಕ್ಕನ್ನು ಮನೆಗೆ ಕರೆಸಿ. ಬಿಸಿ ಎಂಜಿನ್ನಿನ ಕೂಲೆಂಟ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಇನ್ನು ನೀರಿನ ಹಾಗಿರುವ ಆಯಿಲ್ ವಿಷಯ. ಬೆರಳ ನಡುವೆ ಉಜ್ಜಿ ತೆಳು, ದಪ್ಪ ಎಂದು ತೀರ್ಮಾನಿಸುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಆಳವಾಗಿ ಬೇರೂರಿದೆ. ಬೆರಳಿಗೆ ತಿಳಿಯುವುದು 20 ಡಿಗ್ರಿಯ ಆಯಿಲ್. ಎಂಜಿನ್ ಕೆಲಸ ಮಾಡುವುದು 100 ಡಿಗ್ರಿಯ ಆಸುಪಾಸಿನಲ್ಲಿ. ಡಬ್ಬಿಯ ಮೇಲಿನ ಎರಡು ಸಂಖ್ಯೆಗಳು ಈ ಎರಡು ಸ್ಥಿತಿಗಳಿಗೆ ಸಂಬಂಧಿಸಿದವು. ಡಬ್ಲ್ಯೂ ಅಕ್ಷರಕ್ಕೆ ಮೊದಲಿನ ಸಂಖ್ಯೆ ಚಳಿಯಲ್ಲಿ ಎಂಜಿನ್ ಎಷ್ಟು ಸಲೀಸಾಗಿ ತಿರುಗೀತು ಎಂಬುದನ್ನು ಹೇಳುತ್ತದೆ: 0ಡಬ್ಲ್ಯೂ ಆಯಿಲನ್ನು ಮೈನಸ್ 35 ಡಿಗ್ರಿಯಲ್ಲಿ, 20ಡಬ್ಲ್ಯೂ ಆಯಿಲನ್ನು ಮೈನಸ್ 15 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ. ಚಿಕ್ಕಮಗಳೂರಿನ ಡಿಸೆಂಬರ್ ಎಷ್ಟೇ ನಡುಗಿಸಿದರೂ ಅಲ್ಲಿಗೆ ಹೋಗುವುದಿಲ್ಲ, ಆದ್ದರಿಂದ ಸ್ಟಾರ್ಟ್ ಆಗುವುದರ ಮಟ್ಟಿಗೆ ನಮಗೆ ಈ ಸಂಖ್ಯೆ ದೊಡ್ಡ ವಿಷಯವಲ್ಲ. ಆದರೂ ರಾತ್ರಿಯಿಡೀ ನಿಂತ ಎಂಜಿನ್ನಿನ ಮೇಲ್ಭಾಗದ ಕ್ಯಾಮ್‌ಶಾಫ್ಟಿಗೆ ತೆಳುವಾದ ಆಯಿಲ್ ಬೇಗ ಏರುತ್ತದೆ. ದಿನಕ್ಕೆರಡು ಮೂರು ಸಲ ತಣ್ಣನೆಯ ಎಂಜಿನ್ ಎಬ್ಬಿಸುವ ನಿಮಗೆ ಅದು ಲಾಭ.

ನಿಜಕ್ಕೂ ಮುಖ್ಯವಾದದ್ದು ಎರಡನೆಯ ಸಂಖ್ಯೆ. 100 ಡಿಗ್ರಿಯಲ್ಲಿ ಆಯಿಲ್‌ನ ಸ್ನಿಗ್ಧತೆಯನ್ನು ಸೆಂಟಿಸ್ಟೋಕ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 20 ದರ್ಜೆಗೆ ಅದು 6.9ರಿಂದ 9.3ರವರೆಗೆ, 30ಕ್ಕೆ 9.3ರಿಂದ 12.5ರವರೆಗೆ, 50ಕ್ಕೆ 16.3ರಿಂದ 21.9ರವರೆಗೆ. ಅಂದರೆ 20ಡಬ್ಲ್ಯೂ-50 ಹಾಕಿಸಿದರೆ ಬಿಸಿ ಎಂಜಿನ್ನಿನಲ್ಲೂ ಕಂಪನಿ ಎಣಿಸಿದ್ದಕ್ಕಿಂತ ಎರಡು ಪಟ್ಟು ದಪ್ಪನೆಯ ಆಯಿಲ್ ಸುತ್ತುತ್ತಿರುತ್ತದೆ. ನಿಮ್ಮ ಕಾರಿನಂಥ ಎಂಜಿನ್ನುಗಳಲ್ಲಿ ಬೇರಿಂಗುಗಳ ಸಂದಿ ಕೂದಲೆಳೆಗಿಂತ ಕಿರಿದು. ವಾಲ್ವುಗಳ ಹೊತ್ತನ್ನು ಹಿಂದುಮುಂದು ಮಾಡುವ ವಿವಿಟಿ ವ್ಯವಸ್ಥೆ ಇದ್ದರೆ, ಅದು ಸಣ್ಣ ರಂಧ್ರಗಳಲ್ಲಿ ಹರಿಯುವ ಆಯಿಲ್‌ನ ಒತ್ತಡದಿಂದಲೇ ಕೆಲಸ ಮಾಡುವುದು. ಆಯಿಲ್ ದಪ್ಪವಾದರೆ ಒತ್ತಡ ಮಿತಿಮೀರದಂತೆ ತಡೆಯುವ ಪಂಪಿನ ರಿಲೀಫ್ ವಾಲ್ವ್ ತೆರೆದುಕೊಂಡು ಒಂದಿಷ್ಟು ಆಯಿಲ್ ಬೇರಿಂಗಿಗೆ ಹೋಗದೆ ಚೇಂಬರಿಗೇ ಮರಳುತ್ತದೆ. ಪ್ರೆಷರ್ ಚೆನ್ನಾಗಿದೆ ಎಂದು ಮೀಟರ್ ತೋರಿಸುತ್ತಿರುತ್ತದೆ, ಹರಿವು ಕಡಿಮೆಯಾಗಿರುತ್ತದೆ. ಮೈಲೇಜ್ ಇಳಿಯುವುದು ಇದರ ಮೇಲಿನ ದಂಡ. ನಾಲ್ಕು ಕಿಲೋಮೀಟರ್ ಓಟಕ್ಕಂತೂ ದಪ್ಪ ಆಯಿಲ್ ತೀರ ಕೆಟ್ಟ ಆಯ್ಕೆ, ಏಕೆಂದರೆ ಅದು ಸಾಕಷ್ಟು ತೆಳುವಾಗುವ ಮೊದಲೇ ನಿಮ್ಮ ಪ್ರಯಾಣ ಮುಗಿದಿರುತ್ತದೆ.

ಎರಡನೆಯ ಮೆಕ್ಯಾನಿಕ್ಕಿನ ಮಾತಿಗೆ ಆಧಾರವೇ ಇಲ್ಲವೆಂದಲ್ಲ. 20ಡಬ್ಲ್ಯೂ-50 ಹಳೆಯ ಅಂಬಾಸಿಡರ್, ಜೀಪುಗಳ ಕಾಲದಲ್ಲಿ ಸರಿಯಾದ ಆಯಿಲ್ಲೇ ಆಗಿತ್ತು. ಆ ಎಂಜಿನ್ನುಗಳ ಸಂದಿಗಳು ದೊಡ್ಡವು, ತಯಾರಕರೂ ಅಂಥದನ್ನೇ ಹೇಳುತ್ತಿದ್ದರು. ತುಂಬ ಸವೆದು ಆಯಿಲ್ ಕುಡಿಯುವ ಎಂಜಿನ್ನಿಗೆ ಒಂದು ದರ್ಜೆ ದಪ್ಪದ್ದನ್ನು ನಾನೂ ಹಾಕುತ್ತೇನೆ. 38,000 ಕಿಲೋಮೀಟರ್ ಓಡಿದ ಎಂಜಿನ್ ಆ ವಯಸ್ಸಿಗೆ ಬಂದಿಲ್ಲ.

ಘಾಟಿಯ ಭಯಕ್ಕೆ ಬರೋಣ. ಬೆಳ್ತಂಗಡಿಯಿಂದ ಮರಳುವಾಗ ಮೂರು ನಾಲ್ಕು ಜನ, ಡಿಕ್ಕಿ ತುಂಬ ತೆಂಗಿನಕಾಯಿ, ಸೆಕೆಂಡ್ ಗೇರಿನಲ್ಲಿ ಕೊಟ್ಟಿಗೆಹಾರದವರೆಗೆ ಏರು. ಆಗ ಆಯಿಲ್ ಎಂದಿಗಿಂತ ಹೆಚ್ಚು ಕಾಯುತ್ತದೆ, ನಿಜ. ಆದರೆ ದರ್ಜೆ ನಿಗದಿ ಮಾಡುವಾಗಲೇ 150 ಡಿಗ್ರಿಯಲ್ಲಿ, ಬೇರಿಂಗಿನೊಳಗೆ ಆಗುವಂಥ ತೀವ್ರ ಉಜ್ಜಾಟದಲ್ಲಿ ಆಯಿಲ್ ಪದರ ಎಷ್ಟು ಗಟ್ಟಿ ನಿಲ್ಲುತ್ತದೆ ಎಂಬುದನ್ನೂ ಅಳೆಯುತ್ತಾರೆ. 20 ದರ್ಜೆಯ ಆಯಿಲ್ ಅದಕ್ಕೆಂದೇ ವಿನ್ಯಾಸಗೊಂಡ ಎಂಜಿನ್ನಿನಲ್ಲಿ ಘಾಟಿಯನ್ನು ತಡೆಯುತ್ತದೆ. ನಿಮ್ಮ ಕೈಪಿಡಿ ಎರಡು ದರ್ಜೆಗಳಿಗೆ ಒಪ್ಪಿಗೆ ಕೊಟ್ಟಿರುವುದರಿಂದ ನಿಮಗೆ ನಿಜವಾದ ಆಯ್ಕೆಯಿದೆ. ಕಾರು ವಾರಕ್ಕೊಮ್ಮೆ ಭಾರ ಹೊತ್ತು ಚಾರ್ಮಾಡಿಯನ್ನೋ ಶಿರಾಡಿಯನ್ನೋ ಹತ್ತುವುದಾಗಿದ್ದರೆ ನಾನು 5ಡಬ್ಲ್ಯೂ-30 ಎನ್ನುತ್ತಿದ್ದೆ. 150 ಡಿಗ್ರಿಯ ಪರೀಕ್ಷೆಯಲ್ಲಿ ಅದಕ್ಕೆ ಸ್ವಲ್ಪ ಹೆಚ್ಚು ಬಲವಿದೆ, ಮೈಲೇಜಿನಲ್ಲಿ ಅಲ್ಪ ನಷ್ಟ. ಎರಡು ಮೂರು ತಿಂಗಳಿಗೊಮ್ಮೆ ಘಾಟಿ, ಉಳಿದ ದಿನವೆಲ್ಲ ಶಾಲೆ ಎಂದರೆ 0ಡಬ್ಲ್ಯೂ-20 ಮುಂದುವರಿಸಿ. ಅದು ನಿಮ್ಮೂರಿನಲ್ಲಿ ಸಿಗದಿದ್ದರೆ 5ಡಬ್ಲ್ಯೂ-30 ಹಾಕಿಸಲು ಒಂದಿಷ್ಟೂ ಹಿಂಜರಿಯಬೇಡಿ.

ಘಾಟಿ ಇಳಿಯುವಾಗ ಒಂದು ಪರೀಕ್ಷೆ ತಾನಾಗಿಯೇ ಆಗುತ್ತದೆ. ಗೇರಿನ ಹಿಡಿತದಲ್ಲಿ ಬಹಳ ಹೊತ್ತು ಇಳಿದಾಗ ಸಿಲಿಂಡರಿನೊಳಗೆ ಬಲವಾದ ಎಳೆತ ಉಂಟಾಗುತ್ತದೆ. ವಾಲ್ವ್ ಸೀಲ್ ಸವೆದಿದ್ದರೆ ಆಯಿಲ್ ಒಳಕ್ಕೆ ಸೆಳೆಯಲ್ಪಡುತ್ತದೆ. ಕೆಳಗೆ ಸಮತಟ್ಟು ರಸ್ತೆ ಸಿಕ್ಕಿ ಆಕ್ಸಿಲರೇಟರ್ ಒತ್ತಿದ ಕ್ಷಣ ಹಿಂದೆ ನೀಲಿ ಹೊಗೆಯ ಮೋಡವೊಂದು ಏಳುತ್ತದೆ. ಹಿಂದಿನ ಗಾಡಿಯಲ್ಲಿ ಬರುವವರಿಗೆ ನೋಡಲು ಹೇಳಿ. ಏನೂ ಕಾಣದಿದ್ದರೆ ಸೀಲುಗಳು ಚೆನ್ನಾಗಿವೆ.

ಬಕೆಟ್ ಆಯಿಲ್ ಪ್ರಶ್ನೆ ತೋಟದ ಮನೆಗಳಲ್ಲಿ ಬಂದೇ ಬರುತ್ತದೆ. ದರ್ಜೆಯ ಸಂಖ್ಯೆಯ ಪಕ್ಕದಲ್ಲಿ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಗುಣಮಟ್ಟದ ಗುರುತು ಇರುತ್ತದೆ. ಎಸ್ ಅಕ್ಷರದಿಂದ ಆರಂಭವಾದರೆ ಪೆಟ್ರೋಲ್ ಎಂಜಿನ್ನಿನದು: ಎಸ್‌ಎನ್ 2010ರಲ್ಲಿ ಬಂದದ್ದು, ಎಸ್‌ಪಿ 2020ರದ್ದು. ಹೊಸ ಗುರುತಿನದನ್ನು ಹಳೆಯದು ಕೇಳುವ ಎಂಜಿನ್ನಿಗೆ ಹಾಕಬಹುದು, ಹಳೆಯದನ್ನು ಹೊಸದು ಕೇಳುವ ಎಂಜಿನ್ನಿಗೆ ಹಾಕುವ ಹಾಗಿಲ್ಲ. ಸಿ ಅಕ್ಷರದಿಂದ ಆರಂಭವಾದರೆ ಡೀಸೆಲ್‌ನದು; ನಿಮ್ಮ ಬಕೆಟ್ ಮೇಲೆ ಬಹುಶಃ ಸಿಐ-4 ಎಂದಿರುತ್ತದೆ. ಡೀಸೆಲ್‌ನ ಮಸಿಯನ್ನೂ ಆಮ್ಲವನ್ನೂ ನಿಭಾಯಿಸಲು ಅದರಲ್ಲಿ ರಾಸಾಯನಿಕಗಳು ಹೆಚ್ಚು. ಪಿಕಪ್‌ಗೂ ಟ್ರ್ಯಾಕ್ಟರಿಗೂ ಅದು ತಕ್ಕದ್ದು. ಪೆಟ್ರೋಲ್ ಕಾರಿನ ಸೈಲೆನ್ಸರ್ ಸಾಲಿನಲ್ಲಿರುವ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಆಯಿಲ್‌ನಲ್ಲಿರುವ ಫಾಸ್ಫರಸ್ ವಿಷ. ಅದಕ್ಕಾಗಿಯೇ ತೆಳು ದರ್ಜೆಯ ಪೆಟ್ರೋಲ್ ಆಯಿಲ್‌ಗಳಲ್ಲಿ ಫಾಸ್ಫರಸ್ಸಿಗೆ ಶೇ 0.08ರ ಮಿತಿಯಿದೆ, ಸಿಐ-4 ಆಯಿಲ್‌ಗೆ ಆ ಕಟ್ಟುಪಾಡಿಲ್ಲ. ದಾರಿಯಲ್ಲಿ ಆಯಿಲ್ ಕಡಿಮೆಯಾಗಿ ದೀಪ ಹತ್ತಿದರೆ, ಬೇರೇನೂ ಸಿಗದಿದ್ದರೆ, ಅದೇ ಬಕೆಟ್‌ನಿಂದ ಅರ್ಧ ಲೀಟರ್ ಸುರಿದು ಮನೆ ಸೇರಿ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು. ಪೂರ್ತಿ ತುಂಬಲು ಮಾತ್ರ ಬೇಡ.

ನಿಮ್ಮ ಕಾರಿಗಿಂತ ನನಗೆ ಚಿಂತೆ ಹುಟ್ಟಿಸಿದ್ದು ನಿಮ್ಮ ಮೈದುನನ ಕಾರು. 2020ರ ಏಪ್ರಿಲ್ 1ರಿಂದ ಮಾರಾಟವಾಗುವ ಹೊಸ ಗಾಡಿಗಳೆಲ್ಲ ಬಿಎಸ್6 ಎಂಬ ಹೊಗೆ ನಿಯಂತ್ರಣ ಮಾನದಂಡದವು. ಆ ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮಸಿ ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಹೊಗೆಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಆ ಮಸಿಯನ್ನು ಸುಟ್ಟುಹಾಕುತ್ತದೆ. ಮಸಿ ಸುಡುತ್ತದೆ, ಆಯಿಲ್‌ನ ರಾಸಾಯನಿಕಗಳಿಂದ ಬಂದ ಬೂದಿ ಸುಡುವುದಿಲ್ಲ. ಅದು ಫಿಲ್ಟರಿನಲ್ಲಿ ಉಳಿದು ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಇಂಥ ಕಾರುಗಳಿಗೆ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಡಬ್ಬಿಯ ಮೇಲೆ ಯುರೋಪಿನ ಗಾಡಿ ತಯಾರಕರ ಸಂಘದ ಎಸಿಇಎ ಸಿ2 ಅಥವಾ ಸಿ3 ಎಂಬ ಗುರುತಿದ್ದರೆ ಬೂದಿ ಶೇ 0.8ನ್ನು ಮೀರದು, ಎರಡರಲ್ಲಿ ಯಾವುದು ಎಂಬುದನ್ನು ಅವರ ಕೈಪಿಡಿ ಹೇಳುತ್ತದೆ. ಸಿಐ-4 ಆಯಿಲ್‌ಗಳಲ್ಲಿ ಸಾಮಾನ್ಯವಾಗಿ ಬೂದಿ ಶೇ 1ಕ್ಕಿಂತ ಹೆಚ್ಚು. ಒಂದು ಸಲ ಹಾಕಿಸಿದ ಮಾತ್ರಕ್ಕೆ ಫಿಲ್ಟರ್ ಮುಚ್ಚಿಹೋಗುವುದಿಲ್ಲ, ಗಾಬರಿ ಬೇಡ. ಆದರೆ ಮುಂದಿನ ಸರ್ವಿಸ್‌ವರೆಗೆ ಕಾಯದೆ ತೆಗೆಸಿಬಿಡಲಿ. ಡಿಪಿಎಫ್ ಬದಲಿಸುವ ಖರ್ಚಿನ ಎದುರು ಒಂದು ಚೇಂಬರ್ ಆಯಿಲ್‌ನ ಬೆಲೆ ಏನೇನೂ ಅಲ್ಲ.

ಅವರಿಗೆ ಇನ್ನೊಂದು ಮಾತನ್ನೂ ತಿಳಿಸಿ. ಡಿಪಿಎಫ್ ಸುಡುವ ಕೆಲಸಕ್ಕೆ ಹದಿನೈದು ಇಪ್ಪತ್ತು ನಿಮಿಷದ ನಿರಂತರ ಓಟ ಬೇಕು. ನಡುವೆ ಪದೇ ಪದೇ ಎಂಜಿನ್ ಆಫ್ ಮಾಡಿದರೆ ಹೆಚ್ಚುವರಿ ಡೀಸೆಲ್ ಸಿಲಿಂಡರ್ ಗೋಡೆಯ ಮೇಲಿಂದ ಜಾರಿ ಆಯಿಲ್ ಚೇಂಬರಿಗೆ ಸೇರುತ್ತದೆ. ಡಿಪ್‌ಸ್ಟಿಕ್ ನೋಡಿದರೆ ಮಟ್ಟ ಮೇಲಿನ ಗುರುತನ್ನೂ ದಾಟಿರುತ್ತದೆ. ನಮ್ಮ ಗಾಡಿ ಆಯಿಲ್ ಕುಡಿಯುವುದೇ ಇಲ್ಲ, ಇನ್ನೂ ಜಾಸ್ತಿಯೇ ಇದೆ ಎಂದು ಸಂತೋಷಪಡುವವರನ್ನು ಕಂಡಿದ್ದೇನೆ. ಅದು ತೀರ ಅಪಾಯದ ಸೂಚನೆ. ಡೀಸೆಲ್ ಬೆರೆತ ಆಯಿಲ್ ಬೇರಿಂಗನ್ನು ಕಾಯಲಾರದು. ಮಟ್ಟ ಅತಿಯಾಗಿ ಏರಿದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಉರಿಸುತ್ತಾ, ಕೀಲಿ ತೆಗೆದರೂ ನಿಲ್ಲದೆ ಓಡಿ ಒಡೆದುಹೋಗಬಹುದು. ಮಟ್ಟ ಮೇಲಿನ ಗೆರೆ ದಾಟಿದ್ದರೆ ಅದೇ ದಿನ ಆಯಿಲ್ ಬದಲಿಸಬೇಕು.

ಮಿನರಲ್, ಸೆಮಿ, ಸಿಂಥೆಟಿಕ್ ಎಂಬುದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. 0ಡಬ್ಲ್ಯೂ-20 ದರ್ಜೆಯನ್ನು ಮಿನರಲ್ ಆಯಿಲ್‌ನಿಂದ ಮುಟ್ಟುವುದೇ ಕಷ್ಟ, ಆದ್ದರಿಂದ ನೀವು ಕೊಳ್ಳುವುದು ಸಿಂಥೆಟಿಕ್ಕೇ ಆಗಿರುತ್ತದೆ. ಒಮ್ಮೆ ಸಿಂಥೆಟಿಕ್ ಹಾಕಿದ ಮೇಲೆ ಹಿಂದಕ್ಕೆ ಬರಬಾರದು ಎಂಬ ಮಾತು ಸುಳ್ಳು, ಅವು ಒಂದರೊಳಗೊಂದು ಬೆರೆಯುತ್ತವೆ. ಸಿಂಥೆಟಿಕ್ ಸೀಲ್ ತಿನ್ನುತ್ತದೆ ಎಂಬುದೂ ಹಾಗೆಯೇ. ಆಗಲೇ ಒಣಗಿ ಬಿರುಕು ಬಿಟ್ಟ ಸೀಲಿನ ಮೇಲಿನ ಕೊಳೆ ತೊಳೆದುಹೋದಾಗ ಸೋರಿಕೆ ಹೊರಗೆ ಕಾಣುತ್ತದೆ, ಅಷ್ಟೆ. ಆದರೆ ಸಿಂಥೆಟಿಕ್ ಹಾಕಿಸಿದೆ, ಇನ್ನು 15,000 ಕಿಲೋಮೀಟರ್ ಚಿಂತೆಯಿಲ್ಲ ಎಂದು ಕೂರುವುದು ನಿಮ್ಮ ಬಳಕೆಗೆ ಒಪ್ಪುವುದಿಲ್ಲ. ನೀರಿಗೂ ಪೆಟ್ರೋಲಿಗೂ ಮಿನರಲ್, ಸಿಂಥೆಟಿಕ್ ಎಂಬ ಭೇದವಿಲ್ಲ. ಬಾಟಲಿಗಳಲ್ಲಿ ಬರುವ ಬಿಡಿ ಅಡಿಟಿವ್‌ಗಳು ಬೇಡ. ಎಂಜಿನ್ ಫ್ಲಶ್ ಕೂಡ ಬೇಡ. ಒಳಗೆ ಕೆಸರು ಕಟ್ಟಿದ್ದರೆ ಅದು ಹೆಪ್ಪುಹೆಪ್ಪಾಗಿ ಎದ್ದು ಪಂಪಿನ ಜಾಲರಿಗೆ ಅಡ್ಡ ಕೂರಬಹುದು. ಈಗೊಮ್ಮೆ ಬದಲಿಸಿ, 2,000 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಬದಲಿಸಿದರೆ ಒಳಗಿನ ಕೊಳೆ ನಿಧಾನವಾಗಿ, ಅಪಾಯವಿಲ್ಲದೆ ಹೊರಬರುತ್ತದೆ.

ಕೈಪಿಡಿಯ ಸರ್ವಿಸ್ ಪಟ್ಟಿಯಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂಬಂಥ ಸಾಲನ್ನು ಎಲ್ಲರೂ ಓದಿರುತ್ತಾರೆ. ಮುಂದಿನ ಪುಟಗಳಲ್ಲಿ ಕಠಿಣ ಬಳಕೆಗೆಂದು ಬೇರೆ ಪಟ್ಟಿಯಿರುತ್ತದೆ, ಅದನ್ನು ಓದುವವರು ಕಡಿಮೆ. ಸಣ್ಣ ಓಟ, ಏರು ರಸ್ತೆ, ತೇವದ ಹವೆ, ಈ ಮೂರೂ ನಿಮಗೆ ಅನ್ವಯಿಸುತ್ತವೆ. ನಿಮ್ಮ ಕಾರಿಗೆ ಕಿಲೋಮೀಟರ್ ಲೆಕ್ಕ ಬಿಟ್ಟು ತಿಂಗಳ ಲೆಕ್ಕ ಇಟ್ಟುಕೊಳ್ಳಿ: ಮಳೆ ಹಿಂದೆ ಸರಿದ ಅಕ್ಟೋಬರಿನಲ್ಲಿ ಒಂದು ಸಲ, ಏಪ್ರಿಲ್‌ನಲ್ಲಿ ಒಂದು ಸಲ. ಪ್ರತಿ ಸಲವೂ ಆಯಿಲ್ ಫಿಲ್ಟರ್ ಬದಲಾಗಲಿ. ಈ ಬಾರಿ ಅಕ್ಟೋಬರಿಗೆ ಕಾಯದೆ ಈಗಲೇ ಮಾಡಿಸಿ. ವಾರಕ್ಕೊಮ್ಮೆ ಕಾರಣ ಹುಡುಕಿಕೊಂಡಾದರೂ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ. ಚಿಕ್ಕಮಗಳೂರಿನವರೆಗೆ ಹೋಗಿ ಬಂದರೆ ಸಾಕು. ಮನೆಯಂಗಳದಲ್ಲಿ ನಿಲ್ಲಿಸಿ ಎಂಜಿನ್ ಗುರುಗುಟ್ಟಿಸುವುದರಿಂದ ಆ ಕೆಲಸ ಆಗುವುದಿಲ್ಲ, ನಿಂತಲ್ಲೇ ಓಡುವ ಎಂಜಿನ್ನಿನಲ್ಲಿ ಆಯಿಲ್ ಸಾಕಷ್ಟು ಬಿಸಿಯಾಗುವುದಿಲ್ಲ.

ಆಯಿಲ್ ಕಪ್ಪಾಗಿದೆ ಎಂಬುದು ಬದಲಿಸಲು ಕಾರಣವಲ್ಲ. ಡೀಸೆಲ್‌ನಲ್ಲಿ ಹೊಸ ಆಯಿಲ್ ಕೂಡ ಒಂದೆರಡು ದಿನಕ್ಕೇ ಕಪ್ಪಾಗುತ್ತದೆ, ಮಸಿಯನ್ನು ಹಿಡಿದುಕೊಳ್ಳುವುದೇ ಅದರ ಕೆಲಸ. ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ, ಮಟ್ಟ ತಾನಾಗಿ ಏರಿದ್ದರೆ, ಹಾಲುಬಣ್ಣ ಬಂದಿದ್ದರೆ ಎಚ್ಚರಗೊಳ್ಳಿ. ಮಟ್ಟ ನೋಡುವಾಗ ಗಾಡಿ ಸಮತಟ್ಟು ನೆಲದಲ್ಲಿರಬೇಕು. ಮಲೆನಾಡಿನ ಅಂಗಳಗಳು ಇಳಿಜಾರು. ಮೂತಿ ತಗ್ಗಿಗಿರುವ ಕಾರಿನಲ್ಲಿ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಕಾಫಿ ಒಣಗಿಸುವ ಕಣವೇ ಇದಕ್ಕೆ ತಕ್ಕ ಜಾಗ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಡಿ, ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗಿಟ್ಟು ಮತ್ತೆ ಎಳೆಯಿರಿ. ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ ಇದ್ದರೆ ಸರಿ. ಸ್ವಲ್ಪ ಜಾಸ್ತಿ ಇರಲಿ ಎಂದು ಗೆರೆ ಮೀರಿ ತುಂಬಿಸಬೇಡಿ; ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯನ್ನು ಪಂಪ್ ಮೇಲಕ್ಕೆ ಒತ್ತಲಾರದು.

ಆಯಿಲ್ ಡಬ್ಬಿಯನ್ನು ನೀವೇ ಕಂಪನಿಯ ಅಧಿಕೃತ ಮಾರಾಟಗಾರರಿಂದಲೋ ಪೆಟ್ರೋಲ್ ಬಂಕಿನಿಂದಲೋ ಬಿಲ್ ಸಮೇತ ಕೊಂಡೊಯ್ದು ನಿಮ್ಮ ಎದುರಿಗೇ ಸೀಲ್ ಒಡೆಸಿ. ಖಾಲಿ ಡಬ್ಬಿಗೆ ಮೊಳೆಯಿಂದ ತೂತು ಮಾಡಿ ಎಸೆಯಿರಿ, ಅದೇ ಡಬ್ಬಿ ಕಲಬೆರಕೆ ಆಯಿಲ್ ತುಂಬಿಕೊಂಡು ಅಂಗಡಿಗೆ ಮರಳಬಾರದು. ತೆಗೆದ ಹಳೆಯ ಆಯಿಲನ್ನು ಗೆದ್ದಲಿಗೆ ಮದ್ದೆಂದು ಬೇಲಿ ಗೂಟಗಳಿಗೆ ಬಳಿಯುವುದು, ತೋಟದ ಅಂಚಿನಲ್ಲಿ ಚೆಲ್ಲುವುದು ಎರಡೂ ಬೇಡ. ಹೇಮಾವತಿ ಹುಟ್ಟುವುದು ನಿಮ್ಮ ತಾಲ್ಲೂಕಿನಲ್ಲೇ. ಅಲ್ಲಿ ಚೆಲ್ಲಿದ್ದನ್ನು ಮಳೆ ಹಳ್ಳಕ್ಕೆ ಒಯ್ಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಪರವಾನಗಿ ಪಡೆದ ಮರುಸಂಸ್ಕರಣೆಯವರಿಗೆ ಹೋಗಬೇಕು. ಸರ್ವಿಸ್ ಸೆಂಟರಿನಲ್ಲೋ ಆಯಿಲನ್ನು ಪೀಪಾಯಿಯಲ್ಲಿ ಕೂಡಿಟ್ಟು ಅವರಿಗೆ ಕೊಡುವ ಗ್ಯಾರೇಜಿನಲ್ಲೋ ಬದಲಿಸಿದರೆ ಹಳೆಯದನ್ನು ಅಲ್ಲೇ ಬಿಟ್ಟು ಬರಬಹುದು.